ಕಡಲೆಸಿಪ್ಪೆಯ ಒಲೆ

ಇದು ನಡೆದ ಕಥೆ. ಸಾಕ್ಷಿಗೆ ಕುರುಬರಹಳ್ಳಿಯ ಆ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಕೆಂಪು ಕಲೆಯೂ ಇತ್ತು. ಮಳೆಗಾಲ ಬಂದು ಅದನ್ನು ತೊಳೆದುಕೊಂಡು ಹೋಯಿತು. ಸಾಕ್ಷಿಯೇ ತೊಳೆದುಹೋದ ಮೇಲೆ ಕಥೆಯನ್ನು ನಂಬುವುದು ಹೇಗೆ ಎಂದು ಅನುಮಾನಪಡುವವರಿದ್ದರೆ, ಅವರಿಗೂ ಅನಂತಲಕ್ಷ್ಮಮ್ಮನಿಗೂ ಚೆನ್ನಾಗಿ ಹೊಂದುತ್ತದೆ.

ಏಕೆಂದರೆ ಅನಂತಲಕ್ಷ್ಮಮ್ಮ ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಹಾಲಿನವನ ಲೀಟರನ್ನು ಮನೆಯ ಪಾತ್ರೆಗೆ ಸುರಿದು ಮತ್ತೆ ಅಳೆಯುವರು. ಗ್ಯಾಸ್ ಸಿಲಿಂಡರು ಬಂದರೆ ಸೀಲು ನೋಡಿ, ಬೆರಳಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿದ ಮೇಲೆಯೇ ಒಳಗೆ ಬಿಡುವರು. ಎರಡು ಸಾವಿರದ ಏಳನೆಯ ಇಸವಿಯ ಕಾರ್ತಿಕದಲ್ಲಿ ಕುಟ್ಟಿ ನೋಡಲು ಸಿಲಿಂಡರೇ ಬರಲಿಲ್ಲ. ಬುಕ್ ಮಾಡಿ ವಾರಗಳೇ ಕಳೆದಿದ್ದವು.

ಅಂಥ ಒಂದು ಭಾನುವಾರ ದೊಡ್ಡ ಮಗ ಕಿಟ್ಟಿ ಆಟೋದಿಂದ ಇಳಿದ. ತೊಡೆಯ ಮೇಲೆ ಸ್ಟೀಲ್ ಡಬ್ಬದಂಥ ಒಂದು ವಸ್ತು, ಕಾಲ ಬಳಿ ಗೋಣಿಚೀಲ, ಪಕ್ಕದಲ್ಲಿ ದಪ್ಪ ಮೀಸೆಯ ಒಬ್ಬ ಮನುಷ್ಯ.

"ಅಮ್ಮ, ಇವರು ಗೂಳಪ್ಪ. ಗದಗಿನ ಕಡೆಯೋರು. ಕಾಮಾಕ್ಷಿಪಾಳ್ಯದಲ್ಲಿ ಮಿಷನ್ ಹಾಕಿದಾರೆ."

"ಎಂಥಾ ಮಿಷನ್ನು?"

"ಶೇಂಗಾ ಸಿಪ್ಪಿ ಒತ್ತೋ ಮಷೀನ್ರಿ ಅಮ್ಮಾರ," ಎಂದು ಗೂಳಪ್ಪನೇ ಮುಂದೆ ಬಂದ. "ನಮ್ಮ ಕಡೆ ಎಣ್ಣಿ ಮಿಲ್ಲಿನ ಹಿಂದ ಸಿಪ್ಪಿ ಗುಡ್ಡದಂಗ ಬಿದ್ದಿರ್ತೈತಿ. ಕೇಳೋರಿಲ್ಲ, ಹೇಳೋರಿಲ್ಲ. ಅದನ್ನ ಲಾರಿಯಾಗ ತರಿಸಿ, ಪುಡಿ ಮಾಡಿ, ಒತ್ತಿ ಕಡ್ಡಿ ಮಾಡ್ತೀವ್ರಿ. ಈ ಒಲಿಯಾಗ ಹಾಕಿದ್ರ ಥೇಟ್ ಗ್ಯಾಸ್!"

ಚೀಲದ ಬಾಯಿ ಬಿಚ್ಚಿದರೆ ಒಳಗೆ ಬೆರಳು ದಪ್ಪದ ಕಂದುಬಣ್ಣದ ತುಂಡುಗಳು. ಅನಂತಲಕ್ಷ್ಮಮ್ಮ ಒಂದನ್ನು ಎತ್ತಿ ಮೂಸಿದರು.

"ಖಾರಸೇವೆ ಇದ್ದ ಹಾಗಿದೆಯಲ್ಲೋ."

ಹಿತ್ತಲ ಬಾಗಿಲ ಹೊರಗಿನ ಶೀಟು ಹೊದಿಸಿದ ಜಾಗದಲ್ಲಿ ಕಿಟ್ಟಿ ಒಲೆ ಹೂಡಿದ. ಕಡ್ಡಿ ತುಂಬಿ, ಮೇಲೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಬೆಂಕಿ ಗೀರಿ, ಕೆಳಗಿದ್ದ ಪುಟ್ಟ ಫ್ಯಾನಿನ ಸ್ವಿಚ್ ಒತ್ತಿದ. ಮೊದಲು ಒಂದಿಷ್ಟು ಹೊಗೆ. ಆಮೇಲೆ ನೀಲಿ ಉರಿ ಭುಸ್ ಎಂದಿತು.

"ಕಡ್ಡಿಯಿಂದ ಹೊಗೆ ಏಳುತ್ತೆ, ಫ್ಯಾನು ಗಾಳಿ ಊದುತ್ತೆ, ಆ ಹೊಗೇಗೇ ಬೆಂಕಿ ಹತ್ತುತ್ತೆ ಅಮ್ಮ. ಹೊಗೇನೇ ಗ್ಯಾಸು! ಹೊಲದಲ್ಲಿ ಬೆಳೆ ಇರೋ ತನಕ ಇದಕ್ಕೆ ಬರ ಇಲ್ಲ. ಸಿಪ್ಪೆ, ಹೊಟ್ಟು, ಹಿಂಡಿದ ಕಬ್ಬಿನ ಜಲ್ಲೆ, ಎಲ್ಲಾ ಉರಿಯುತ್ತೆ."

"ಗಿಡ ಮರ ತೋರಿಸಿ ಟೋಪಿ ಹಾಕೋರನ್ನ ಈ ಮನೆ ಒಂದು ಸಲ ನೋಡಿದೆ," ಎಂದು ಅನಂತಲಕ್ಷ್ಮಮ್ಮ ಗಂಡನ ಕಡೆ ತಿರುಗಿದರು.

ಜಗನ್ನಾಥರಾಯರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಅದರ ಹಿಂದೆ ಮರೆಯಾದರು. ರಿಟೈರಾದ ವರ್ಷ ಅವರು ಕೈಗೆ ಬಂದ ಗಂಟನ್ನು ಒಂದು ತೇಗದ ಗಿಡದ ಕಂಪನಿಗೆ ಹಾಕಿದ್ದರು. ಆ ಕಂಪನಿ ತೇಗ ಬೆಳೆಯಲಿಲ್ಲ. ಗಂಟು ನುಂಗಿ ತೇಗಿತು. ಅಂದಿನಿಂದ ಮನೆಯಲ್ಲಿ ದುಡ್ಡಿನ ಮಾತು ಬಂದಾಗ ರಾಯರಿಗೆ ಬಾಯಿಲ್ಲ. ಉಳಿದದ್ದು ಕೆಂಗೇರಿಯ ಸೈಟೊಂದೇ. ಅದು ತಪ್ಪಿಸಿಕೊಂಡದ್ದೂ ಅನಂತಲಕ್ಷ್ಮಮ್ಮನ ಹೆಸರಿನಲ್ಲಿ ಇದ್ದುದರಿಂದ.

ಕಿಟ್ಟಿ ಒಲೆ ತಂದದ್ದೂ ಆ ಸೈಟಿಗೋಸ್ಕರವೇ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನು ಸೂಪರ್‌ವೈಸರ್ ಆಗಿದ್ದ ಕಾರ್ಖಾನೆಯಲ್ಲಿ ಶೆಡ್ಡುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು. ಅವನದು ಕೊನೆಯ ಶೆಡ್ಡು. ಕೆಂಗೇರಿಯ ಸೈಟಿನಲ್ಲಿ ಗೋಡೌನ್ ಕಟ್ಟಿ, ಗೂಳಪ್ಪನ ಜೊತೆ ಸೇರಿ ಛತ್ರಗಳಿಗೆ, ಹಾಸ್ಟೆಲುಗಳಿಗೆ ಕಡ್ಡಿಯನ್ನೂ ಒಲೆಯನ್ನೂ ಒದಗಿಸಬೇಕೆಂಬುದು ಅವನ ಯೋಚನೆ. ಅಮ್ಮನ ರುಜು ಬೇಕಿತ್ತು.

"ಒಂದು ತಿಂಗಳು ಈ ಒಲೆ ಈ ಮನೇಲಿ ಉರೀಲಿ," ಎಂದರು ಅನಂತಲಕ್ಷ್ಮಮ್ಮ. "ಆಮೇಲೆ ಸೈಟಿನ ಮಾತು."

ಗೂಳಪ್ಪನಿಗೆ ಹಿತ್ತಲ ಮೆಟ್ಟಿಲ ಮೇಲೆಯೇ ಕಾಫಿ ಬಂತು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕುಡಿದು, ಲೋಟ ತೊಳೆದಿಟ್ಟು ಹೋದ.

ಆ ಮನೆಯಲ್ಲಿ ಮೊದಲು ಏಳುವವರು ಅನಂತಲಕ್ಷ್ಮಮ್ಮ. ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ತಾಮ್ರದ ಚೆಂಬಿನಲ್ಲಿ ನೀರು ಹಿಡಿದು ಒಲೆಯ ಮುಂದೆ ಬಂದರೆ, ಎರಡೆಳೆ ರಂಗೋಲಿ ಎಳೆದು, ಒಲೆಗೂ ಉರುವಲಿಗೂ ನೀರು ಚಿಮುಕಿಸುವುದು ಅವರ ಪದ್ಧತಿ. ಎಲ್ಲಿಯದೋ ಏನೋ, ಯಾರು ತುಳಿದದ್ದೋ, ದೇವರ ನೈವೇದ್ಯ ಬೇಯುವ ಬೆಂಕಿಗೆ ಹಾಗೇ ಹೋಗಬಾರದು. ಅವರ ಅತ್ತೆ ಸೌದೆಯನ್ನು ತೊಳೆದೇ ಒಲೆಗಿಡುತ್ತಿದ್ದರು. ಇವರು ಕಾಲಕ್ಕೆ ತಕ್ಕಂತೆ ಚಿಮುಕಿಸುವುದಕ್ಕೆ ಇಳಿದಿದ್ದರು. ಸೌದೆ ಹೋಗಿ ಸೀಮೆಎಣ್ಣೆ ಬಂತು, ಸೀಮೆಎಣ್ಣೆ ಹೋಗಿ ಗ್ಯಾಸ್ ಬಂತು, ಚೆಂಬು ಹಾಗೇ ಉಳಿಯಿತು. ಕೆಂಪು ಸಿಲಿಂಡರಿನ ನೆತ್ತಿಗೆ ದಿನವೂ ಪುಟ್ಟ ಅಭಿಷೇಕ. ಸಿಲಿಂಡರು ಎಂದೂ ದೂರಲಿಲ್ಲ.

ಈಗ ಖಾರಸೇವೆಯ ಸರದಿ. ಸೊಸೆಗೆ ಅನುಕೂಲವಾಗಲೆಂದು ಅಂದಿನ ಅಡುಗೆಗೆ ಬೇಕಾದಷ್ಟನ್ನು ಚೀಲದಿಂದ ಮೊರಕ್ಕೆ ಸುರಿದು, ಧಾರಾಳವಾಗಿ ನೀರು ಚಿಮುಕಿಸಿ, ಒಲೆಯ ಪಕ್ಕ ಇಡುತ್ತಿದ್ದರು. ಚೀಲದ ಬಾಯಿಗೂ ಒಂದು ಕೈ. ಗೂಳಪ್ಪನ ಚೀಲವೆಂದು ಇನ್ನೊಂದು ಕೈ ಜಾಸ್ತಿ.

ಸೊಸೆ ಶುಭಾ ವಿಜಯನಗರದ ಶಾಲೆಯೊಂದರಲ್ಲಿ ಟೀಚರು. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬರುವ ಹೊತ್ತಿಗೆ ಕಡ್ಡಿಗಳು ನೀರು ಕುಡಿದು ಏನೂ ಗೊತ್ತಿಲ್ಲದವರಂತೆ ಮಲಗಿರುತ್ತಿದ್ದವು. ಹಚ್ಚಿದರೆ ಹೊಗೆ. ಫ್ಯಾನು ಜೋರು ಮಾಡಿದರೆ ಜೋರು ಹೊಗೆ. ಉಪ್ಪಿಟ್ಟಿಗೆ ರವೆ ಹುರಿಯುವಷ್ಟರಲ್ಲಿ ಅವಳ ಕಣ್ಣು ರವೆಗಿಂತ ಹೆಚ್ಚು ಕೆಂಪಗಾಗುತ್ತಿತ್ತು.

"ನೋಡಿದೆಯಾ? ಹೊಗೇನೇ ಗ್ಯಾಸಂತೆ," ಎಂದು ಅನಂತಲಕ್ಷ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅವರಿಗೆ ಕೆಮ್ಮು ಬಂದಷ್ಟೇ ಸಮಾಧಾನವೂ ಬಂತು. ಮೋಸ ಇದೆಯೆಂದು ಅವರು ಮೊದಲೇ ಹೇಳಿರಲಿಲ್ಲವೆ?

ಪ್ರತಿ ಭಾನುವಾರ ಗೂಳಪ್ಪ ಹೊಸ ಚೀಲ ತಂದು ಮೆಟ್ಟಿಲ ಬಳಿ ಇಡುವನು. ಕಿಟ್ಟಿ ತಾನೇ ಅದರ ಬಾಯಿ ಬಿಚ್ಚಿ ಒಲೆ ಹಚ್ಚಿ ತೋರಿಸುವನು. ನೀಲಿ ಉರಿ! ಸೋಮವಾರ ಬೆಳಿಗ್ಗೆ ಮತ್ತೆ ಹೊಗೆ. ಹೀಗೆ ಮೂರು ವಾರ ಕಳೆಯುವಷ್ಟರಲ್ಲಿ ಹೊಗೆ ಹಿತ್ತಲಿನಿಂದ ಆಚೆ ಹೋಯಿತು, ಹಗೆ ಮನೆಯೊಳಗೆ ಉಳಿಯಿತು.

"ನಾನು ಹಚ್ಚಿದ್ರೆ ಉರಿ, ನೀನು ಹಚ್ಚಿದ್ರೆ ಹೊಗೆ," ಎಂದ ಕಿಟ್ಟಿ, ಊಟಕ್ಕೆ ಕೂತಾಗ. "ಒಲೆಗೆ ವಾರ ಗೊತ್ತಾಗುತ್ತಾ?"

"ಒಲೆಗೆ ಗೊತ್ತಾಗಲ್ಲ. ನಿಮ್ಮ ಗೂಳಪ್ಪನಿಗೆ ಗೊತ್ತಾಗುತ್ತೆ," ಎಂದಳು ಶುಭಾ, ಹುಳಿಯ ಸೌಟನ್ನು ಅವನ ತಟ್ಟೆಯ ಮೇಲೆ ತುಸು ಎತ್ತರದಿಂದಲೇ ಬಗ್ಗಿಸುತ್ತ. "ಚೀಲದ ಮೇಲ್ಗಡೆ ಒಳ್ಳೇದು, ಕೆಳಗಡೆ ಕಚಡ. ಮಾವಿನಹಣ್ಣಿನ ಬುಟ್ಟಿ ಥರ."

"ಗೂಳಪ್ಪ ಅಂಥೋನಲ್ಲ."

"ಮತ್ತೆ ನಾನು ಅಂಥೋಳಾ?"

"ನಿನಗೆ ಗ್ಯಾಸೇ ಬೇಕು. ಅದಕ್ಕೆ ಬೇಕೂಂತ..."

"ಗ್ಯಾಸ್ ಬೇಕಾದ್ರೆ ಏಜೆನ್ಸಿಗೆ ಫೋನ್ ಮಾಡ್ತೀನಿ ಕಣ್ರೀ. ಒಲೆ ಕೆಡಿಸಲ್ಲ."

ತಮ್ಮ ಅನಿಕೇತ್‌ಗೆ ಮಧ್ಯೆ ಬಾಯಿ ಹಾಕದಿದ್ದರೆ ಊಟ ಇಳಿಯದು. ಎಂ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದ ಅವನು, ಕೆಲಸ ಸಿಗುವತನಕ ಊರಿನ ಎಲ್ಲರ ದನಿಯನ್ನೂ ಗಂಟಲಲ್ಲಿ ಬಾಡಿಗೆಗೆ ಇಟ್ಟುಕೊಂಡಿದ್ದ. ಈಗ ಮೂಗಿನಿಂದ ಗ್ಯಾಸ್ ಏಜೆನ್ಸಿಯವನಾದ. "ಹಲೋ ಮೇಡಂ, ನಿಮ್ಮ ಸಿಲಿಂಡರು ಹೊರಟು ಬಿಟ್ಟಿದೆ. ಗಾಡಿ ಟೋಲ್‌ಗೇಟ್ ಹತ್ರ ಇದೆ. ಡ್ರೈವರ್ ಊಟಕ್ಕೆ ಹೋಗಿದಾನೆ. ಹೋದ ವಾರ ಹೋದೋನು, ಇನ್ನೂ ಬಂದಿಲ್ಲ."

ಜಗನ್ನಾಥರಾಯರು ಕಿಸಕ್ಕೆಂದರು. ಹೆಂಡತಿ ನೋಡಿದ್ದೇ ಆ ನಗುವನ್ನು ಮಜ್ಜಿಗೆಯ ಜೊತೆ ನುಂಗಿಕೊಂಡರು.

ಕಡೆಗೆ ಕಿಟ್ಟಿ ಒಂದು ಸಂಜೆ ಗೂಳಪ್ಪನನ್ನೇ ಕರೆತಂದ. ಗೂಳಪ್ಪ ಚೀಲದೊಳಕ್ಕೆ ಮೊಳಕೈವರೆಗೂ ಕೈ ಹಾಕಿ ತಳದಿಂದ ಒಂದು ಕಡ್ಡಿ ತೆಗೆದು ಮುರಿದ. ಟಕ್ ಎಂದಿತು. ಮೇಲಿನದೊಂದನ್ನು ಮುರಿದ. ಸದ್ದಿಲ್ಲದೆ ಪುಡಿಯಾಯಿತು.

"ಇದಕ್ಕ ನೀರು ಬಿದ್ದೈತ್ರಿ."

"ನೀರಾ?" ಅನಂತಲಕ್ಷ್ಮಮ್ಮ ಎದ್ದು ನಿಂತರು. "ಇಲ್ಲೇನು ಸೂರು ಸೋರುತ್ತಾ? ಅಥವಾ ನಲ್ಲಿ ಇದೆಯಾ? ನಮ್ಮನೇಲಿ ಯಾರ್ರೀ ಇದಕ್ಕೆ ನೀರು ಹಾಕ್ತಾರೆ?"

ಈ ಮಾತನ್ನು ಅವರು ನಿರ್ಮಲ ಮನಸ್ಸಿನಿಂದಲೇ ಹೇಳಿದರು. ಅವರ ಲೆಕ್ಕದಲ್ಲಿ ನಲ್ಲಿಯಲ್ಲಿ ಬರುವುದು ನೀರು. ಸ್ನಾನ ಮಾಡಿ ಚೆಂಬಿಗೆ ಹಿಡಿದ ಮೇಲೆ ಅದು ಮಡಿ. ಮಡಿಯಿಂದ ಏನಾದರೂ ಕೆಡುತ್ತದೆಂಬುದು ಅವರ ಕನಸಿನಲ್ಲೂ ಸುಳಿಯುವಂಥದ್ದಲ್ಲ.

"ನಾ ಯಾರ ಹೆಸರೂ ಹೇಳಿಲ್ರಿ. ನೀರು ಬಿದ್ದೈತಿ ಅಂದೆ."

"ಹಸೀ ಮಾಲು ತಂದು ಹಾಕಿ ನಮ್ಮ ಮೇಲೆ ಹೇಳ್ತೀರಾ?"

ಗೂಳಪ್ಪನ ಮೀಸೆ ಅದುರಿತು. "ಮಾಲು ಸರಿ ಇಲ್ಲ ಅನ್ರಿ, ಬದಲು ಕೊಡ್ತೀನಿ. ಮನಶ್ಯಾನ ಸರಿ ಇಲ್ಲ ಅಂದ್ರ ಎಲ್ಲಿಂದ ಬದಲು ತರ್ಲಿ ಅಮ್ಮಾರ? ಬರೋ ಭಾನುವಾರ ಬಂದು ಒಲಿ ಒಯ್ತೀನಿ. ಕಿಟ್ಟಿ ಸಾರ್, ನೀವು ಬ್ಯಾರೆ ಯಾರನ್ನಾರ ನೋಡ್ಕೋರಿ."

ಮೆಟ್ಟಿಲ ಮೇಲಿಟ್ಟ ಕಾಫಿ ಕೆನೆ ಕಟ್ಟಿತು. ಅವನು ಮುಟ್ಟಲಿಲ್ಲ.

ಆ ವಾರ ಮನೆಯಲ್ಲಿ ಒಲೆ ಹತ್ತಿದರೂ ಮಾತು ಹತ್ತಲಿಲ್ಲ. "ನೀರು ಹಾಕಿದ್ದು ನೀನೇ ತಾನೆ?" ಎಂದು ಕಿಟ್ಟಿ ಕೇಳಿದ ಮರುದಿನದಿಂದ ಶುಭಾ ಅವನ ಡಬ್ಬಿ ಕಟ್ಟುವುದನ್ನು ನಿಲ್ಲಿಸಿದಳು. ತನ್ನ ಡಬ್ಬಿ, ಮೈದುನನ ಡಬ್ಬಿ, ಮಾವನ ಹನ್ನೊಂದು ಗಂಟೆಯ ತಿಂಡಿ ಎಲ್ಲವೂ ಸಾಲಾಗಿ ಇರುತ್ತಿದ್ದವು. ಕಿಟ್ಟಿಯ ಖಾಲಿ ಡಬ್ಬಿ ಮುಚ್ಚಳ ಪಕ್ಕಕ್ಕಿಟ್ಟುಕೊಂಡು ಬಾಯಿ ತೆರೆದು ಕೂತಿರುತ್ತಿತ್ತು. ಅವನು ಹೊರಗೆ ಚಿತ್ರಾನ್ನ ತಿಂದು, ಎದೆಯುರಿಯೆಂದು ಸಂಜೆ ಜೀರಿಗೆ ಕಷಾಯ ಮಾಡಿಕೊಂಡು ಕುಡಿಯುತ್ತಿದ್ದ.

ಅನಂತಲಕ್ಷ್ಮಮ್ಮ ಸೊಸೆಯ ಮೇಲೆ ಕಣ್ಣಿಟ್ಟರು. ಬಾಗಿಲ ಸಂದಿಯಿಂದ ನೋಡಿದರೆ ಅವಳು ಚೀಲದ ಹತ್ತಿರ ನೀರಿನ ಬಾಟಲಿ ಹಿಡಿದು ನಿಂತಿದ್ದಳು! ಆದರೆ ಅವಳು ಮುಚ್ಚಳ ತಿರುಗಿಸಿ, ತಾನೇ ಕುಡಿದು, ಬ್ಯಾಗಿಗೆ ತುರುಕಿಕೊಂಡು ಬಸ್ಸಿಗೆ ಓಡಿದಳು. ಅವರಿಗೆ ಒಂಥರಾ ನಿರಾಸೆಯಾಯಿತು. ಜೊತೆಗೆ ಇನ್ನೊಂದು ಯೋಚನೆ ಚುಚ್ಚಿತು: ನೀರು ಹಾಕಿದ್ದು ಸೊಸೆಯೇ ಆದರೆ, ಗೂಳಪ್ಪ ಮೋಸಗಾರನಲ್ಲ ಎಂದಾಯಿತಲ್ಲ? ಇಬ್ಬರನ್ನೂ ಒಟ್ಟಿಗೆ ಅನುಮಾನಿಸಲು ದಾರಿಯೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹಿತಕಿದಬೇಳೆ ಸಾರಿಗೆ ಕಾಳು ನೆನೆಹಾಕಬೇಕಿತ್ತು. ಜಗನ್ನಾಥರಾಯರು ತಲೆ ಎತ್ತದೆ ಹೇಳಿದರು:

"ತೇಗದ ಕಂಪನಿಯೋರು ಒಂದು ಸಲಾನೂ ನಮ್ಮನೆ ಮೆಟ್ಟಿಲು ಹತ್ತಿರಲಿಲ್ಲ ಕಣೇ. ಈ ಮನುಷ್ಯ ಪ್ರತಿ ವಾರ ಬಂದ. ಬಯ್ಯಿಸಿಕೊಳ್ಳೋಕೂ ಬಂದ."

ತೇಗದ ಮಾತನ್ನು ಅವರಾಗಿ ಎತ್ತಿದ್ದು ಅದೇ ಮೊದಲು. ಅನಂತಲಕ್ಷ್ಮಮ್ಮ ಸುಲಿದ ಕಾಳನ್ನು ಮೊರದಲ್ಲಿ ಹರಡಿದರು.

"ನೀವು ಕಾಯಿ ಸುಲೀರಿ. ಹುಳ ನೋಡಿ ಸುಲೀರಿ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಅಮ್ಮಾರ, ನಾನ್ರಿ, ಗೂಳಪ್ಪ! ಕಡೀದೊಂದು ಚೀಲ ನಿಮ್ಮ ಸಣ್ಣ ಮಗನ ಕೈಲೆ ಕಳಿಸೀನಿ. ಭತ್ತದ ಹೊಟ್ಟು ಬೆರಸೇನ್ರಿ, ಹಳದಿ ಕಾಣತೈತಿ. ಗಾಬರಿ ಆಗಬ್ಯಾಡ್ರಿ."

"ಹಳದಿ ಯಾಕ್ರೀ? ಬಣ್ಣ ಹಾಕಿದೀರಾ?"

"ಹೊಲದಾಗ ಹುಟ್ಟಿದ ಬಣ್ಣ ಐತ್ರಿ ಅಮ್ಮಾರ. ಶರಣ್ರೀ."

ಅನಿಕೇತ್ ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಅರ್ಧ ಚೀಲ ತಂದು ಹಿತ್ತಲಲ್ಲಿ ಇಳಿಸಿದ. ಅನಂತಲಕ್ಷ್ಮಮ್ಮ ಬಗ್ಗಿ ನೋಡಿದರು. ಕಡ್ಡಿಗಳ ಮೇಲೆ ಹಳದಿ ದೂಳು. ಮೂಸಿದರು, ಮೂರು ವಾರದ ಹೊಗೆಗೆ ಮೂಗು ಕಟ್ಟಿ ಏನೂ ತಿಳಿಯಲಿಲ್ಲ. ಸಂಜೆ ಸಾರಿಗೆ ಕೈ ಹಾಕಿದರೆ ಅರಿಶಿನದ ಡಬ್ಬಿ ಖಾಲಿ. ದೀಪಾವಳಿಗೆ ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣದ ಪುಡಿಯ ಪೊಟ್ಟಣವೂ ಅಟ್ಟದಿಂದ ಮಾಯ. ಸೊಸೆ ಅರಿಶಿನವನ್ನು ಸುರಿಯುತ್ತಾಳೆ ಎಂದು ಗೊಣಗಿಕೊಂಡು, ಸುಣ್ಣ ಯಾರಿಗೆ ಬೇಕಾಯಿತೆಂಬ ಅನುಮಾನವನ್ನು ನಾಳೆಗೆ ಎತ್ತಿಟ್ಟರು.

ಭಾನುವಾರ. ಇನ್ನೂ ಮಬ್ಬು ಬೆಳಕು. ಇದೇ ಕೊನೆಯ ದಿನ, ಗೂಳಪ್ಪ ಬಂದು ಒಯ್ಯುತ್ತಾನೆ ಎಂದುಕೊಂಡು ಅನಂತಲಕ್ಷ್ಮಮ್ಮ ಒಲೆಯ ಮುಂದೆ ಎರಡೆಳೆ ರಂಗೋಲಿ ಎಳೆದರು. ಒಗೆಯುವ ಕಲ್ಲಿನ ಮೇಲೆ ಮೊರವಿಟ್ಟು ಕಡ್ಡಿ ಸುರಿದರು. ಹಳದಿ ದೂಳೆಂದು ಅಂದು ಧಾರಾಳವಾಗಿಯೇ ಚಿಮುಕಿಸಿದರು. ಒಂದು ಕೈ. ಎರಡು ಕೈ. ಸಾಲದೆಂದು ಚೆಂಬನ್ನೇ ಬಗ್ಗಿಸಿದರು.

ಕಡ್ಡಿಗಳು ಕೆಂಪಾದವು.

ಮೊರದ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಹರಿಯಿತು. ಅವರ ಬೆರಳೂ ಕೆಂಪು, ಮಡಿ ಸೀರೆಯ ಅಂಚೂ ಕೆಂಪು.

"ಅಯ್ಯಯ್ಯೋ, ರಕ್ತ! ಏನೂಂದ್ರೆ! ಕಿಟ್ಟೀ! ಕಡ್ಡಿ ರಕ್ತ ಕಾರ್ತಾ ಇದೆ ಕಣೋ!"

ಮನೆಯೆಲ್ಲ ಹಿತ್ತಲಿಗೆ ಬಂತು. ಒಲೆ ಒಯ್ಯಲು ಅದೇ ತಾನೆ ಟೆಂಪೋ ನಿಲ್ಲಿಸಿದ್ದ ಗೂಳಪ್ಪನೂ ಓಣಿಯಿಂದ ಓಡಿ ಬಂದು ಮೆಟ್ಟಿಲ ಬಳಿ ನಿಂತ. ಎಲ್ಲರ ಕಣ್ಣೂ ಮೊದಲು ಕೆಂಪು ಮೊರದ ಮೇಲೆ, ಆಮೇಲೆ ಅನಂತಲಕ್ಷ್ಮಮ್ಮನ ಕೈಯಲ್ಲಿದ್ದ ಚೆಂಬಿನ ಮೇಲೆ ಬಿದ್ದವು.

ಬಾಗಿಲ ಹಿಂದೆ ಅನಿಕೇತ್ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದ. "ಮಿಷನ್ನಿನ ಹುಡುಗರ ಹತ್ರ ಕಡ್ಡಿ ಕೊಂಡು... ಅರಿಶಿನ, ಸುಣ್ಣ ಬೆರೆಸಿ... ಒಣಗಿದ್ರೆ ಹಳದಿ... ನೀರು ಬಿದ್ರೆ ಓಕುಳಿ... ಯಾರು ನೀರು ಹಾಕ್ತಾರೆ ನೋಡೋಣಾಂತ... ಅಮ್ಮಾ, ನೀನಾ!"

"ನಾನೇನೋ ಮಾಡ್ದೆ? ಮಡಿ ನೀರು ಕಣೋ ಇದು!"

"ಅತ್ತೆ," ಎಂದಳು ಶುಭಾ. ದನಿ ಏರಲಿಲ್ಲ. "ದಿನಾ ಹಾಕ್ತಿದ್ರಾ?"

"ದಿನಾ ಅಲ್ಲದೆ? ಚಿಮುಕಿಸದೆ ಒಲೆಗೆ ಇಡೋದುಂಟಾ? ನಿನ್ನ ಕೈಗೆ ಕೊಡೋ ಮುಂಚೆ ಮೊರಕ್ಕೂ, ಚೀಲಕ್ಕೂ..." ಅವರು ಕೆಂಪಾದ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಮಡಿ ನೀರೂ ಒದ್ದೆನೇ ಅಲ್ವಾ ಅತ್ತೆ?"

ಕಿಟ್ಟಿ ಹೆಂಡತಿಯ ಮುಖ ನೋಡಲಾರದೆ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. "ಹುಟ್ಟಿದಾಗಿಂದ ನೋಡ್ತಾ ಇದೀವಿ ಈ ಚೆಂಬನ್ನ," ಎಂದು ತನಗೇ ಹೇಳಿಕೊಂಡ. "ಒಬ್ಬರಿಗೂ ಹೊಳೀಲಿಲ್ಲವಲ್ಲ."

"ಗೂಳಪ್ಪನೋರೇ," ಅನಂತಲಕ್ಷ್ಮಮ್ಮನಿಗೆ ಇನ್ನೂ ಒಂದು ಎಳೆ ಸಿಕ್ಕಿರಲಿಲ್ಲ, "ನಿನ್ನೆ ಫೋನಲ್ಲಿ ನೀವೇ ಹೇಳಿದ್ರಲ್ಲ, ಹೊಲದ ಬಣ್ಣ, ಗಾಬರಿ ಆಗಬೇಡಿ ಅಂತ?"

"ನಾನು? ನಾ ಯಾವಾಗ ಫೋನ್ ಮಾಡೀನ್ರಿ?"

"ಹ್ಞೂಂ ಮತ್ತ! ಸಿಟ್ಟಿನ್ಯಾಗ ಇದ್ದಾವ ನಾ ಯಾಕ ಮಾಡ್ಲಿ?" ಎಂದು ಬಾಗಿಲ ಹಿಂದಿನಿಂದ ಇನ್ನೊಬ್ಬ ಗೂಳಪ್ಪ ಮಾತಾಡಿದ.

ನಿಜವಾದ ಗೂಳಪ್ಪ ಬೆಚ್ಚಿ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ.

ಆಗ ಅನಂತಲಕ್ಷ್ಮಮ್ಮ ಕುಲುಕಾಡತೊಡಗಿದರು. ಮೊದಲು ಭುಜ, ಆಮೇಲೆ ಬಳೆ. ಹಾಲಿನವನ ಅಳತೆ ಅಳೆದು, ಸಿಲಿಂಡರು ಕುಟ್ಟಿ, ಗೂಳಪ್ಪನನ್ನು ಬೈದು, ಸೊಸೆಯನ್ನು ಸಂದಿಯಿಂದ ಇಣುಕಿ ನೋಡಿದ ಮೇಲೆ, ಕಳ್ಳ ಸಿಕ್ಕಿದ್ದು ತಮ್ಮದೇ ಸೆರಗಿನಲ್ಲಿ! ನಗು ಬಂದೇ ಬಂತು. ಅವರು ಕಲ್ಲಿನ ಮೇಲೆ ಕೂತು ನಕ್ಕರು.

"ಸಾಕು ಅತ್ತೆ, ಕೆಮ್ಮು ಬರುತ್ತೆ," ಎನ್ನುತ್ತಲೇ ಶುಭಾಳೂ ಸೋತಳು.

"ತಟ್ಟೆ ತಾರೇ," ಎಂದರು ಅನಂತಲಕ್ಷ್ಮಮ್ಮ ಕಣ್ಣೊರೆಸಿಕೊಂಡು. ಅವಳು ತಂದ ತಟ್ಟೆಗೆ ಮೊರದ ಕೆಂಪು ನೀರನ್ನು ಬಸಿದರು. "ಆ ಕಡೆ ಹಿಡ್ಕೋ. ಹೊಸದಾಗಿ ಮನೆಗೆ ಬಂದೋರಿಗೆ ಆರತಿ ಎತ್ತದೆ, ತಿಂಗಳಿಡೀ ಬರೀ ಹೊಗೆ ಹಾಕಿಸಿದೆನಲ್ಲ. ನಿನ್ನ ಕಣ್ಣಿಗೂ ಹಾಕಿಸಿದೆ. ಹಿಡ್ಕೋಮ್ಮ, ಕೋಪ ಮಾಡ್ಕೋಬೇಡ."

ಅತ್ತೆ ಸೊಸೆ ಒಂದೊಂದು ಕಡೆ ತಟ್ಟೆ ಹಿಡಿದು ಸ್ಟೀಲಿನ ಒಲೆಗೆ ಮೂರು ಸುತ್ತು ಓಕುಳಿಯಾರತಿ ಎತ್ತಿದರು. ಒಲೆ ಮದುವಣಗಿತ್ತಿಯಂತೆ ಸುಮ್ಮನೆ ನಿಂತಿತ್ತು. ಆ ನೀರನ್ನು ಅನಂತಲಕ್ಷ್ಮಮ್ಮ ಬಾಗಿಲ ಪಕ್ಕ ಚೆಲ್ಲಿ, ಮೆಟ್ಟಿಲ ಬಳಿ ನಿಂತವನ ಕಡೆ ತಿರುಗಿದರು.

"ಗೂಳಪ್ಪನೋರೇ, ಮಾಲೂ ಸರಿ ಇತ್ತು, ಮನುಷ್ಯನೂ ಸರಿ ಇದ್ರಿ. ಒಳಗೆ ಬನ್ನಿ. ಅಲ್ಲಿ ಅಲ್ಲ, ಒಳಗೆ. ಶುಭಾ, ಚೀಲದ ತಳದಿಂದ ಒಣಗಿರೋದು ತೆಗೆದು ಹಚ್ಚೇ, ಕಾಫಿ ಆಗಲಿ. ಕಿಟ್ಟಿ, ನೀನು ಲೋಟ ತೊಳಿ. ನಾಳೆಯಿಂದ ನಿನ್ನ ಡಬ್ಬಿ ಅವಳು ಕಟ್ಟಬೇಕಾದ್ರೆ ಇವತ್ತು ಪಾತ್ರೆ ಪೂರ್ತಿ ನಿನ್ನದೇ."

"ಆಯ್ತಮ್ಮ. ಮತ್ತೆ... ಸೈಟು?"

ಜಗನ್ನಾಥರಾಯರ ಪೇಪರು ಕೆಳಗಿಳಿಯಿತು. ಅನಂತಲಕ್ಷ್ಮಮ್ಮ ಗಂಡನ ಮುಖ ನೋಡಿದರು. ರಾಯರು ಹೂಂ ಎಂಬಂತೆ ಮೆಲ್ಲಗೆ ತಲೆಯಾಡಿಸಿದರು.

"ಮೊದಲು ಗೋಡೌನಿಗೆ ಗಟ್ಟಿಯಾಗಿ ಸೂರು ಹಾಕಿಸೋ. ಒಂದು ಹನಿ ಒಳಗೆ ಬರಬಾರದು. ಮತ್ತೆ, ಛತ್ರದ ಅಡುಗೆಯೋರಿಗೆ ಚೀಲ ಕೊಡೋವಾಗ ನೆನಪಿಟ್ಕೊಂಡು ಕೇಳು, ನಿಮ್ಮಲ್ಲಿ ಬೆಳಿಗ್ಗೆ ಚೆಂಬು ಹಿಡ್ಕೊಂಡು ಓಡಾಡೋರು ಯಾರಿದಾರೆ ಅಂತ. ಈ ಊರಲ್ಲಿ ನಾನೊಬ್ಬಳೇ ಅಂದ್ಕೋಬೇಡ."

ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಗೂಳಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಹೊಸ್ತಿಲು ದಾಟುವ ಮೊದಲು ಒಮ್ಮೆ ಹಿಂದೆ ನೋಡಿದ. ಕಲ್ಲಿನ ಮೇಲೆ ತಾಮ್ರದ ಚೆಂಬು, ಅದರ ಮಗ್ಗುಲಲ್ಲೇ ತನ್ನ ಚೀಲ. ಯಾರೂ ನೋಡುತ್ತಿಲ್ಲವೆಂದುಕೊಂಡು ಅವನು ಮತ್ತೆ ಇಳಿದು ಹೋಗಿ, ಚೀಲದ ಬಾಯಿಗೆ ಎರಡು ಗಂಟು ಬಿಗಿದು, ಅದನ್ನು ಚೆಂಬಿನಿಂದ ಗೋಡೆಯ ಆ ತುದಿಯವರೆಗೂ ದರದರ ಎಳೆದುಕೊಂಡು ಹೋದ.

ಅನಂತಲಕ್ಷ್ಮಮ್ಮ ನೋಡಿಬಿಟ್ಟರು. ತಾವು ಸಿಲಿಂಡರನ್ನು ನೋಡುವಾಗ ಇರುವ ಅದೇ ಮುಖ ಗೂಳಪ್ಪನದು! ಬಾಗಿಲ ಚೌಕಟ್ಟು ಹಿಡಿದುಕೊಂಡು ಅವರು ನಕ್ಕ ನಗುವಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು, ಟೆಂಪೋದಲ್ಲಿ ತೂಕಡಿಸುತ್ತಿದ್ದ ಡ್ರೈವರು ಎದ್ದು ಕೂತ, ಒಲೆಯ ಮೇಲಿಟ್ಟ ಹಾಲನ್ನು ನೋಡಿಕೊಳ್ಳುವವರಿಲ್ಲದೆ ಅದು ನೀಲಿ ಉರಿಯ ಮೇಲೆ ಉಕ್ಕಿ ಹರಿಯಿತು.